ಇಲ್ಲದ ಕೆಲಸಕ್ಕೆ ಸಾಕ್ಷಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತು ಬಂದ ಯಾರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸನ ಕೊಡು ಎನ್ನುತ್ತದೆ. ಕಿಟಕಿಯ ಆಚೆ ಕುಳಿತವರು ನಾಳೆ ಬನ್ನಿ ಎನ್ನುತ್ತಾರೆ. ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ, ಹೊಸ ಕೆಲಸ ಹುಡುಕಿಕೊಡುವ ಕಚೇರಿಗಳ ಚರಿತ್ರೆಯನ್ನು ಓದುತ್ತ ಹೋದಾಗ ಈ ಗಾದೆ ನನಗೆ ಮತ್ತೆ ಮತ್ತೆ ನೆನಪಾಯಿತು. ಆದರೆ ಓದು ಮುಂದುವರಿದಂತೆ, ಪೂಜಾರಿಯನ್ನು ಬೈದು ಸುಮ್ಮನಾಗುವುದು ನ್ಯಾಯವಲ್ಲವೆಂದೂ ತೋರಿತು. ತೊಡಕಿರುವುದು ಕಿಟಕಿಯ ಆಚೆ ಕುಳಿತವರ ಸ್ವಭಾವದಲ್ಲಿ ಮಾತ್ರವಲ್ಲ. ಆ ಕಿಟಕಿಯನ್ನು ಕಟ್ಟಿಸಿದ ಕಲ್ಪನೆಯಲ್ಲಿಯೇ ಒಂದು ಬಿರುಕಿದೆ. ಆ ಬಿರುಕು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ಬ್ರಿಟನ್ನಿನ ಅನುಭವದ ಮೂಲಕ ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ದಿಕ್ಕಿಲ್ಲದವನಿಗೆ ನೆರವು ನೀಡುವ ಪ್ರಶ್ನೆ ಬಂದಾಗಲೆಲ್ಲ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಇವನಿಗೆ ನಿಜವಾಗಿಯೂ ಗತಿಯಿಲ್ಲವೋ, ಅಥವಾ ಮೈಗಳ್ಳನೋ? 1834ರ ಇಂಗ್ಲೆಂಡಿನ ಬಡವರ ಕಾನೂನು ಇದಕ್ಕೆ ಬಹು ಕಠೋರವಾದ ಉತ್ತರವನ್ನು ಕಂಡುಕೊಂಡಿತ್ತು. ನೆರವು ಬೇಕೆನ್ನುವವನು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗೆ ಬರಬೇಕು. ಅಲ್ಲಿ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಹೊರಗೆ ದುಡಿಯುವ ಅತ್ಯಂತ ಬಡ ಕೂಲಿಗಿಂತಲೂ ಒಳಗಿರುವವನ ಬಾಳು ಕೀಳಾಗಿರಬೇಕೆಂಬುದೇ ಅದರ ತತ್ತ್ವ. ಇಷ್ಟನ್ನೂ ಸಹಿಸಿ ಒಳಗೆ ಬಂದವನು ನಿಜವಾಗಿ ನಿರ್ಗತಿಕನಾಗಿರಲೇಬೇಕು ಎಂಬುದು ಆ ಕಾಲದ ತರ್ಕ. ವರ್ಕ್‌ಹೌಸ್ ಆಶ್ರಯವೂ ಹೌದು, ಪರೀಕ್ಷೆಯೂ ಹೌದು.

ಈ ಕ್ರೌರ್ಯದ ಬದಲಿಗೆ ಮನುಷ್ಯನಿಗೆ ಒಪ್ಪುವ ಬೇರೊಂದು ಪರೀಕ್ಷೆಯನ್ನು ಸೂಚಿಸಿದವರಲ್ಲಿ ಮುಖ್ಯನಾದವನು ವಿಲಿಯಂ ಬೆವರಿಜ್. ಇವನು ಹುಟ್ಟಿದ್ದು 1879ರಲ್ಲಿ, ಬಂಗಾಳದ ರಂಗಪುರದಲ್ಲಿ. ತಂದೆ ಹೆನ್ರಿ ಬೆವರಿಜ್ ಇಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದರು. ಲಂಡನ್ನಿನ ಬಂದರುಕಟ್ಟೆಗಳ ಬಾಗಿಲಲ್ಲಿ ಪ್ರತಿದಿನ ಬೆಳಗಾಗುವ ಮುನ್ನವೇ ನೂರಾರು ಕೂಲಿಗಳು ನೆರೆಯುವುದನ್ನೂ, ಕೆಲವರಿಗೆ ಕೆಲಸ ಸಿಕ್ಕಿ ಉಳಿದವರು ಬರಿಗೈಯಲ್ಲಿ ಮರಳುವುದನ್ನೂ ತರುಣ ಬೆವರಿಜ್ ಅಭ್ಯಾಸ ಮಾಡಿದನು. 1907ರಲ್ಲಿ ಜರ್ಮನಿಗೆ ಹೋಗಿ ಅಲ್ಲಿನ ಉದ್ಯೋಗ ವಿನಿಮಯ ಕೇಂದ್ರಗಳನ್ನು ನೋಡಿ ಬಂದನು. ನಿರುದ್ಯೋಗವು ವ್ಯಕ್ತಿಯ ನಡತೆಯ ದೋಷವಲ್ಲ, ಕೈಗಾರಿಕೆಯ ವ್ಯವಸ್ಥೆಯ ದೋಷ ಎಂಬುದು 1909ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಸಾರ.

ಅದೇ 1909ರಲ್ಲಿ, ವ್ಯಾಪಾರ ಮಂಡಲಿಯ ಅಧ್ಯಕ್ಷನಾಗಿದ್ದ ವಿನ್‌ಸ್ಟನ್ ಚರ್ಚಿಲ್ ಉದ್ಯೋಗ ವಿನಿಮಯ ಕಚೇರಿಗಳ ಶಾಸನವನ್ನು ಸಂಸತ್ತಿನಲ್ಲಿ ತಂದನು. 1910ರ ಫೆಬ್ರವರಿ 1ರಂದು ಮೊದಲ ಕಚೇರಿಗಳು ಬಾಗಿಲು ತೆರೆದವು. 1911ರ ರಾಷ್ಟ್ರೀಯ ವಿಮಾ ಶಾಸನ ಇದಕ್ಕೆ ಜೊತೆಯಾಯಿತು. ಕಟ್ಟಡ ನಿರ್ಮಾಣ, ಹಡಗು ನಿರ್ಮಾಣ, ಎಂಜಿನಿಯರಿಂಗ್ ಮೊದಲಾದ ಕೆಲವೇ ಉದ್ಯಮಗಳ ಸುಮಾರು 22.5 ಲಕ್ಷ ಕೆಲಸಗಾರರಿಗೆ ಅದು ಅನ್ವಯಿಸಿತು. ವಾರಕ್ಕೆ ಕೆಲಸಗಾರನಿಂದ ಎರಡೂವರೆ ಪೆನ್ನಿ, ಮಾಲೀಕನಿಂದ ಎರಡೂವರೆ ಪೆನ್ನಿ. ಅದರ ಮೇಲೆ ಸರ್ಕಾರದ ಪಾಲು. ಕೆಲಸ ಹೋದರೆ ವಾರಕ್ಕೆ 7 ಷಿಲಿಂಗ್, ವರ್ಷದಲ್ಲಿ ಹೆಚ್ಚೆಂದರೆ 15 ವಾರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೆಲಸ ಕೊಡಿಸುವ ಕಚೇರಿಯೂ ಭತ್ಯೆ ಕೊಡುವ ಕಚೇರಿಯೂ ಒಂದೇ ಆದದ್ದು ಆಕಸ್ಮಿಕವಲ್ಲ. ಅರ್ಜಿದಾರ ಮೈಗಳ್ಳನೋ ಅಲ್ಲವೋ ತಿಳಿಯುವುದು ಹೇಗೆ? ಅವನ ಮುಂದೆ ಒಂದು ಕೆಲಸವನ್ನು ಇಡುವುದು. ಒಪ್ಪಿದರೆ ಕೆಲಸ ಸಿಕ್ಕಿತು. ಕಾರಣವಿಲ್ಲದೆ ಒಲ್ಲೆನೆಂದರೆ ಭತ್ಯೆ ನಿಂತಿತು. ವರ್ಕ್‌ಹೌಸಿನ ಅವಮಾನವಿಲ್ಲದ, ಸರಳವಾದ ಪರೀಕ್ಷೆ ಇದು. ಪರೀಕ್ಷೆಯ ಹೊಣೆ ಕಚೇರಿಯದು; ಕೆಲಸವನ್ನು ಹುಡುಕಿ ತಂದು ತೋರಿಸಬೇಕಾದವರು ಅಧಿಕಾರಿಗಳು. ಈ ಕಲ್ಪನೆಯ ಔದಾರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಊರಿನಲ್ಲಿ ಕೆಲಸವೇ ಇಲ್ಲದಿದ್ದರೆ ಕಚೇರಿ ಏನನ್ನು ತೋರಿಸಬೇಕು? ಬಿರುಕು ಇದ್ದದ್ದು ಇಲ್ಲಿ.

ಮೊದಲ ಮಹಾಯುದ್ಧದ ನಂತರ ಅದು ಬಾಯಿಬಿಟ್ಟಿತು. 1920ರಲ್ಲಿ ವಿಮೆಯನ್ನು ಒಂದು ಕೋಟಿಗೂ ಮೀರಿದ ಕೆಲಸಗಾರರಿಗೆ ವಿಸ್ತರಿಸಲಾಯಿತು. ಮರುವರ್ಷವೇ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷವನ್ನು ದಾಟಿತು. ಕಚೇರಿಗಳ ಮುಂದೆ ಸಾಲು ಬೆಳೆಯಿತು. ಒಳಗೆ ಕೊಡಲು ಕೆಲಸವಿಲ್ಲ. ಹೀಗಾಗಿ ಪರೀಕ್ಷೆಯೇ ಬುಡಮೇಲಾಯಿತು. ವಿಮೆಯ ಕಂತುಗಳು ಸಾಲದೆ ಹೆಚ್ಚಿನ ಅವಧಿಗೆ ಭತ್ಯೆ ಕೇಳುವವನು ಪೂರ್ಣಾವಧಿಯ ಕೆಲಸವನ್ನು 'ಪ್ರಾಮಾಣಿಕವಾಗಿ ಹುಡುಕುತ್ತಿದ್ದೇನೆ' ಎಂದು ತಾನೇ ತೋರಿಸಿಕೊಡಬೇಕೆಂಬ ನಿಯಮ 1921ರಲ್ಲಿ ಬಂತು. 1924ರಲ್ಲಿ ಅದನ್ನು ಎಲ್ಲ ಅರ್ಜಿದಾರರಿಗೂ ಅನ್ವಯಿಸಲಾಯಿತು. ಹಾಗೆ ಮಾಡಿದ್ದು ಕಾರ್ಮಿಕ ಪಕ್ಷದ ಸರ್ಕಾರವೇ ಎಂಬುದು ಚರಿತ್ರೆಯ ವ್ಯಂಗ್ಯ.

ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಗಣಿ ಮುಚ್ಚಿದ ಊರಿನ ಗಣಿಗಾರ ಬೆಳಿಗ್ಗೆ ಎದ್ದು, ಕೆಲಸವಿಲ್ಲವೆಂದು ತನಗೂ ತನ್ನ ಊರಿಗೂ ಕಚೇರಿಯ ಗುಮಾಸ್ತನಿಗೂ ತಿಳಿದಿರುವ ಗೇಟುಗಳನ್ನು ಒಂದೊಂದಾಗಿ ಸುತ್ತಿ ಬರಬೇಕು. ಇಂಥ ದಿನ ಇಂಥ ಕಾರ್ಖಾನೆಗೆ ಹೋಗಿದ್ದೆ, ಇಲ್ಲವೆಂದರು ಎಂದು ಹೆಸರು ಹಿಡಿದು ಒಪ್ಪಿಸಬೇಕು. ಹೇಳಿದ ಹೆಸರುಗಳು ಸಾಲದೆಂದು ಕಂಡರೆ ಭತ್ಯೆ ನಿಂತಿತು. ಸವೆದದ್ದು ಅವನ ಜೋಡು. ಹುಟ್ಟಿದ್ದು ಯಾವ ಕೆಲಸವೂ ಅಲ್ಲ. ವಿವಾಹಿತ ಹೆಂಗಸರ ಅರ್ಜಿಗಳಂತೂ ವಿಶೇಷವಾಗಿ ಈ ನಿಯಮಕ್ಕೆ ಬಲಿಯಾದವು. 1921ರಿಂದ 1930ರವರೆಗೆ ಇದೊಂದೇ ಕಾರಣಕ್ಕಾಗಿ ತಿರಸ್ಕೃತವಾದ ಅರ್ಜಿಗಳು ಸುಮಾರು 30 ಲಕ್ಷ. ಕೊನೆಗೆ 1930ರಲ್ಲಿ, ಬ್ರಿಟನ್ನಿನ ಮೊದಲ ಮಹಿಳಾ ಸಂಪುಟ ಸಚಿವೆ ಮಾರ್ಗರೆಟ್ ಬಾಂಡ್‌ಫೀಲ್ಡ್ ಕಾರ್ಮಿಕ ಖಾತೆಯಲ್ಲಿದ್ದಾಗ, ಈ ನಿಯಮ ರದ್ದಾಯಿತು.

ಆದರೆ ಒಂದು ಪರೀಕ್ಷೆ ಹೋದರೆ ಇನ್ನೊಂದು ಬರುವುದು ಈ ಚರಿತ್ರೆಯ ರೀತಿ. 1931ರ ಆರ್ಥಿಕ ಬಿಕ್ಕಟ್ಟಿನಲ್ಲಿ ಭತ್ಯೆಯನ್ನು ಕಡಿತಗೊಳಿಸುವ ಪ್ರಶ್ನೆಯ ಮೇಲೆ ಸಚಿವ ಸಂಪುಟವೇ ಒಡೆಯಿತು. ಹೊಸ ಸರ್ಕಾರ ಗಂಡಸಿನ ವಾರದ ಭತ್ಯೆಯನ್ನು 17 ಷಿಲಿಂಗಿನಿಂದ 15 ಷಿಲಿಂಗ್ 3 ಪೆನ್ನಿಗೆ ಇಳಿಸಿತು. ವಿಮೆಯ ಅವಧಿ ಮುಗಿದವರಿಗಾಗಿ 'ಮೀನ್ಸ್ ಟೆಸ್ಟ್' ಎಂಬ ಆದಾಯ ಪರೀಕ್ಷೆ ಬಂತು. ಈ ಸಲ ಪರೀಕ್ಷೆಗೆ ನಿಂತವನು ನಿರುದ್ಯೋಗಿಯೊಬ್ಬನೇ ಅಲ್ಲ, ಅವನ ಇಡೀ ಮನೆ. ಮಗಳು ಗಿರಣಿಯಲ್ಲಿ ದುಡಿದರೆ ಅದನ್ನು ಲೆಕ್ಕಕ್ಕೆ ಹಿಡಿದು ತಂದೆಯ ಭತ್ಯೆಯನ್ನು ಇಳಿಸುವರು. ಅಧಿಕಾರಿ ಮನೆಗೇ ಬಂದು ವಿಚಾರಣೆ ನಡೆಸುವನು. ಮಕ್ಕಳ ಸಂಬಳದ ಅನ್ನ ಉಣ್ಣಬೇಕಾದ ತಂದೆಯ ಸಂಕಟವನ್ನೂ, ತಮ್ಮಿಂದಾಗಿ ತಂದೆಯ ಭತ್ಯೆ ಹೋಯಿತಲ್ಲ ಎಂದು ಮನೆ ಬಿಟ್ಟು ಹೋದ ಮಕ್ಕಳ ಸಂಕಟವನ್ನೂ ಯಾವ ಷಿಲಿಂಗಿನ ಲೆಕ್ಕವೂ ತೋರಿಸದು. ಅದನ್ನು ತೋರಿಸಿದ್ದು ಸಾಹಿತ್ಯ. ಸಾಲ್‌ಫರ್ಡ್ ಪಟ್ಟಣದ ವಾಲ್ಟರ್ ಗ್ರೀನ್‌ವುಡ್, ತಾನೇ ನಿರುದ್ಯೋಗಿಯಾಗಿ ಬೆಂದವನು, 1933ರಲ್ಲಿ ಪ್ರಕಟಿಸಿದ 'ಲವ್ ಆನ್ ದ ಡೋಲ್' ಕಾದಂಬರಿ ಈ ಮನೆಗಳ ಕಥೆ. ಅದನ್ನು ಚಲನಚಿತ್ರ ಮಾಡಲು 1936ರಲ್ಲಿ ಸೆನ್ಸಾರಿನವರು ಒಪ್ಪಲಿಲ್ಲ. ಚಿತ್ರ ತೆರೆಗೆ ಬಂದದ್ದು 1941ರಲ್ಲಿ.

ಆ 1936ರಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಟೈನ್ ನದಿಯ ದಂಡೆಯ ಜಾರೋ ಪಟ್ಟಣದಲ್ಲಿ ಪಾಮರ್ ಹಡಗುಕಟ್ಟೆ ಮುಚ್ಚಿ, ಊರಿಗೆ ಊರೇ ಕೆಲಸವಿಲ್ಲದೆ ಕುಳಿತಿತ್ತು. ಅಕ್ಟೋಬರ್ 5ರಂದು ಇನ್ನೂರು ಮಂದಿ, ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಸಹಿಯಿದ್ದ ಮನವಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಸುಮಾರು 300 ಮೈಲಿ ದೂರದ ಲಂಡನ್ನಿಗೆ ನಡೆದರು. ಅವರೊಡನೆ ಹೆಜ್ಜೆ ಹಾಕಿದ ಸಂಸತ್ ಸದಸ್ಯೆ ಎಲೆನ್ ವಿಲ್ಕಿನ್ಸನ್, ನಾಲ್ಕು ವರ್ಷಗಳ ಹಿಂದೆ ವಿ. ಕೆ. ಕೃಷ್ಣಮೆನನ್ ಅವರೊಂದಿಗೆ ಇಂಡಿಯಾ ಲೀಗಿನ ನಿಯೋಗದಲ್ಲಿ ನಮ್ಮ ದೇಶಕ್ಕೆ ಬಂದು ಇಲ್ಲಿನ ಸ್ಥಿತಿಯನ್ನು ಕಣ್ಣಾರೆ ಕಂಡು ಹೋದವರು. ಪ್ರಧಾನಿ ಬಾಲ್ಡ್ವಿನ್ ನಿಯೋಗವನ್ನು ಭೇಟಿಯಾಗಲಿಲ್ಲ. ಮನವಿ ಸಂಸತ್ತಿಗೆ ಸಲ್ಲಿಕೆಯಾಯಿತು. ಸಭೆ ಮುಂದಿನ ವಿಷಯಕ್ಕೆ ಸರಿಯಿತು. ನಡೆದವರು ಊರಿಗೆ ಮರಳಿದಾಗ ಅವರಿಗೆ ಕಾದಿದ್ದದ್ದು ಭತ್ಯೆಯ ಕಡಿತ. ಕಾರಣವೇನೆಂದರೆ, ನಡಿಗೆಯ ದಿನಗಳಲ್ಲಿ ಅವರು ಊರಿನಲ್ಲಿ ಇರಲಿಲ್ಲ. ಕೆಲಸವೇನಾದರೂ ಬಂದಿದ್ದರೆ ಅದಕ್ಕೆ ದೊರೆಯುತ್ತಿರಲಿಲ್ಲ! ಕೆಲಸವಿಲ್ಲವೆಂದು ಹೇಳಲು ಹೋದವರಿಗೆ, ಬರದಿದ್ದ ಕೆಲಸಕ್ಕೆ ಗೈರುಹಾಜರಾದ ದಂಡ. ಈ ಇಡೀ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳೆಂದರೆ ನಾನು ಇದನ್ನೇ ಹೇಳುತ್ತೇನೆ.

ಇಡೀ ಮನೆಯ ಆದಾಯವನ್ನು ಹಿಡಿಯುವ ಪರೀಕ್ಷೆ 1941ರಲ್ಲಿ ಕೊನೆಗೊಂಡಿತು. ಮರುವರ್ಷ ಅದೇ ಬೆವರಿಜ್ ತನ್ನ ಪ್ರಸಿದ್ಧ ವರದಿಯನ್ನು ಒಪ್ಪಿಸಿದನು. 1948ರಿಂದ ಹೊಸ ವಿಮಾ ವ್ಯವಸ್ಥೆ ಜಾರಿಗೆ ಬಂತು. ಕೆಲಸಗಳು ಹೇರಳವಾಗಿದ್ದ ಮುಂದಿನ ಎರಡು ದಶಕಗಳಲ್ಲಿ ಕಚೇರಿಯ ಮೊದಲ ಪರೀಕ್ಷೆ ಮತ್ತೆ ಸಾಧ್ಯವಾಯಿತು. ಕೆಲಸವನ್ನು ತೋರಿಸಬಹುದಾದಾಗ ಮನುಷ್ಯನನ್ನು ಶಂಕಿಸಬೇಕಾದ ಅಗತ್ಯ ಕಡಿಮೆ. 1973ರಲ್ಲಿ ಕೆಲಸ ಹುಡುಕಿಕೊಡುವ ಶಾಖೆಯನ್ನು ಭತ್ಯೆಯ ಶಾಖೆಯಿಂದ ಬೇರ್ಪಡಿಸಿ, ಪೇಟೆಬೀದಿಯಲ್ಲಿ 'ಜಾಬ್‌ಸೆಂಟರ್' ಎಂಬ ಹೆಸರಿನ ತೆರೆದ, ಬಣ್ಣದ ಅಂಗಡಿಗಳಂಥ ಕಚೇರಿಗಳನ್ನು ತೆರೆದರು. ಹಳೆಯ ಕಚೇರಿಗಂಟಿದ್ದ ಕಳಂಕವನ್ನು ತೊಳೆಯುವುದೇ ಉದ್ದೇಶ.

ಆದರೆ 1982ರ ಹೊತ್ತಿಗೆ ನಿರುದ್ಯೋಗಿಗಳು 30 ಲಕ್ಷವನ್ನು ಮೀರಿದರು. 1987ರಲ್ಲಿ ಎರಡೂ ಶಾಖೆಗಳು ಮತ್ತೆ ಒಂದೇ ಆಡಳಿತಕ್ಕೆ ಬಂದವು. 1989ರ ಶಾಸನ, ಅರ್ಜಿದಾರನು ಕೆಲಸವನ್ನು 'ಸಕ್ರಿಯವಾಗಿ ಹುಡುಕುತ್ತಿರಬೇಕು' ಎಂದಿತು. ಪ್ರಾಮಾಣಿಕ ಎಂಬಲ್ಲಿ ಸಕ್ರಿಯ ಎಂಬ ಮಾತು. ಆರು ದಶಕಗಳ ಹಿಂದೆ ಕೈಬಿಟ್ಟ ನಿಯಮವೇ ಬೇರೆ ಅಂಗಿ ತೊಟ್ಟು ಮರಳಿತ್ತು. 1996ರಲ್ಲಿ ಭತ್ಯೆಯ ಹೆಸರೇ 'ಕೆಲಸ ಹುಡುಕುವವನ ಭತ್ಯೆ' ಎಂದಾಯಿತು. 2013ರಿಂದ ಬಂದ ಯೂನಿವರ್ಸಲ್ ಕ್ರೆಡಿಟ್ ಯೋಜನೆಯಲ್ಲಿ ವಾರಕ್ಕೆ 35 ಗಂಟೆಗಳವರೆಗೂ ಹುಡುಕಾಟದ ಲೆಕ್ಕವನ್ನು ಕೇಳಬಹುದು. ತಪ್ಪಿದರೆ ಭತ್ಯೆ ನಿಲ್ಲುತ್ತದೆ. 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಕೆನ್ ಲೋಚ್ ಅವರ 'ಐ, ಡೇನಿಯಲ್ ಬ್ಲೇಕ್' ಚಿತ್ರದ ನಾಯಕ ಹೃದ್ರೋಗಿಯಾದ ಬಡಗಿ. ದುಡಿಯಬೇಡವೆಂದು ವೈದ್ಯರು ಹೇಳಿದ್ದಾರೆ. ದುಡಿಯಬಲ್ಲೆ ಎಂದು ಕಚೇರಿ ಹೇಳಿದೆ. ಭತ್ಯೆಗಾಗಿ ಅವನು ತಾನು ಸೇರಲಾಗದ ಕೆಲಸಗಳನ್ನು ಹುಡುಕುತ್ತ ಬೀದಿ ಅಲೆಯುತ್ತಾನೆ. 1920ರ ದಶಕದ ಗಣಿಗಾರನ ಜೋಡನ್ನೇ ಇವನೂ ಮೆಟ್ಟಿದ್ದಾನೆಂದು ಚಿತ್ರವನ್ನು ನೋಡುವಾಗ ನನಗನ್ನಿಸಿತು.

ನಮ್ಮ ದೇಶದ ಮಾತೇನು? ಇಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಆರಂಭವಾದದ್ದು 1945ರಲ್ಲಿ, ಯುದ್ಧದಿಂದ ಮರಳಿದ ಸೈನಿಕರಿಗಾಗಿ. ಮುಂದೆ ಅವು ಎಲ್ಲರಿಗೂ ತೆರೆದವು. ಅವುಗಳ ಭವಿಷ್ಯವನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು ದಕ್ಷಿಣ ಕನ್ನಡದ ಲೋಕಸಭಾ ಸದಸ್ಯ ಬೆನಗಲ್ ಶಿವರಾಯರು. 1954ರ ಅವರ ವರದಿಯ ಸಲಹೆಯಂತೆ 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಏಕೀಕರಣಗೊಂಡ ದಿನವೇ, ಈ ಕಚೇರಿಗಳ ದೈನಂದಿನ ಆಡಳಿತ ರಾಜ್ಯಗಳ ಕೈಸೇರಿತು. ಇಲ್ಲಿ ಹೆಸರು ಬರೆಸಿದವನಿಗೆ ಭತ್ಯೆಯಿರಲಿಲ್ಲ. ಇದ್ದದ್ದು ಒಂದು ಚೀಟಿ, ಒಂದು ಸಂಖ್ಯೆ, ಕಾಲಕಾಲಕ್ಕೆ ನವೀಕರಣ. ಪದವಿ ಮುಗಿಸಿದ ವರ್ಷ ನಾನೂ ಒಂದು ಜಿಲ್ಲಾ ಕೇಂದ್ರದ ಇಂಥ ಕಚೇರಿಯಲ್ಲಿ ಸಾಲು ನಿಂತು ಚೀಟಿ ಪಡೆದವನೇ. ಸಂದರ್ಶನದ ಕರೆ ಬರಲಿಲ್ಲ. ಆದರೂ ನವೀಕರಣದ ದಿನ ತಪ್ಪಿದರೆ ಜ್ಯೇಷ್ಠತೆ ಹೋದೀತೆಂಬ ಭಯ ವರ್ಷಗಟ್ಟಲೆ ಬಿಡಲಿಲ್ಲ. ಈ ಶತಮಾನದ ಆರಂಭಕ್ಕೆ ದೇಶದ ಇಂಥ ಕಚೇರಿಗಳ ಪಟ್ಟಿಯಲ್ಲಿದ್ದ ಹೆಸರುಗಳು ನಾಲ್ಕು ಕೋಟಿಯನ್ನು ಮೀರಿದ್ದವು.

ಈಗ ಹಣದ ನೆರವೂ ನಮ್ಮ ನಾಡಿಗೆ ಬಂದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಎಂದು ಗೊತ್ತುಮಾಡಿತು. ತಾನಿನ್ನೂ ನಿರುದ್ಯೋಗಿ ಎಂದು ಫಲಾನುಭವಿ ತಿಂಗಳು ತಿಂಗಳೂ ಘೋಷಿಸಬೇಕೆಂಬುದು ಅದರ ಆರಂಭದ ನಿಯಮಗಳಲ್ಲೊಂದು.

ಸಾರ್ವಜನಿಕರ ಹಣಕ್ಕೆ ಕಾವಲು ಬೇಡವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಖಂಡಿತ ಬೇಕು. ಸುಳ್ಳು ಹೇಳಿ ಹಣ ಪಡೆಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರು ಕಸಿಯುವುದು ನಿಜವಾದ ಬಡವನ ಪಾಲನ್ನು. ಘೋಷಣೆಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಾನು ಹೇಳಬಯಸುವುದಿಷ್ಟೇ: ಪರೀಕ್ಷೆ ಎರಡೂ ಕಡೆಗೆ ಇರಬೇಕು. ನೀನು ಎಷ್ಟು ಬಾಗಿಲು ತಟ್ಟಿದೆ ಎಂದು ಕೇಳುವ ಕಚೇರಿ, ತಾನು ಎಷ್ಟು ಬಾಗಿಲು ತೆರೆಸಿದೆ ಎಂಬುದಕ್ಕೂ ಲೆಕ್ಕ ಕೊಡಬೇಕು. 1909ರಲ್ಲಿ ಆ ಕಚೇರಿಯನ್ನು ಕಲ್ಪಿಸಿದವರು ಮಾಡಿಕೊಂಡಿದ್ದ ಒಪ್ಪಂದ ಅದೇ ಆಗಿತ್ತು. ಆ ಒಪ್ಪಂದದ ಒಂದು ಭಾಗವನ್ನು ಮಾತ್ರ ನೆನಪಿಟ್ಟುಕೊಂಡ ಕಡೆಯಲ್ಲೆಲ್ಲ, ಕೆಲಸವಿಲ್ಲದವನು ತನ್ನ ಹಸಿವಿನ ಜೊತೆಗೆ ಊರಿನ ದಾರಿದ್ರ್ಯಕ್ಕೂ ತಾನೇ ಜಾಮೀನು ನಿಲ್ಲಬೇಕಾಗಿ ಬಂದಿದೆ.