ತಾಮ್ರದ ದೀಪದ ತಳದಾಗಿನ ಹೆಸರು

ತಾಮ್ರದ ಸಾಮಾನು ಕಂಡ್ರ ನಮ್ಮ ಕೈ ಮೊದಲ ಹುಣಸಿಹಣ್ಣಿಗೇ ಹೋಗತದ. ತಂಬಿಗಿ, ಹಂಡೆ ಫಳಫಳ ಅನ್ನಬೇಕು, ಇಲ್ಲಾಂದ್ರ ಸಮಾಧಾನ ಇಲ್ಲ. ಆದ್ರ ಅಮೆರಿಕಾದಾಗ ಹಳೇ ತಾಮ್ರದ ದೀಪ ಕೂಡಿಸಿಡೋ ಮಂದಿ ಮುಂದ ಹುಣಸಿಹಣ್ಣಿನ ಮಾತು ತೆಗೀಬ್ಯಾಡ್ರಿ! ಅವರಿಗೆ ಬೇಕಾದದ್ದು ವರ್ಷಾನುಗಟ್ಟಲೆ ಕೂತ ಆ ಕಂದು ಬಣ್ಣನ. ತಿಕ್ಕಿ ತೆಗೆದ್ರ ಬೆಲಿ ಭಾಳ ಇಳೀತದ.

ಈ ದೀಪದ ಕಥಿ ನಮ್ಮಂಥಾ ಹೆಣ್ಣುಮಕ್ಕಳು ಕೇಳಬೇಕಾದದ್ದು. 19ನೇ ಶತಮಾನದಾಗ ಇಂಗ್ಲೆಂಡಿನಾಗ ಎಲ್ಲೆಲ್ಲೂ ಕಾರ್ಖಾನಿ ಮಾಲು ತುಂಬಿದಾಗ, ವಿಲಿಯಂ ಮಾರಿಸ್‌ನಂಥವರು ಕೈಕೆಲಸಕ್ಕ ಮರ್ಯಾದಿ ಬೇಕಂತ ನಿಂತ್ರು. ಅದಕ್ಕ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ ಅಂತಾರ. ಅದರ ಗಾಳಿ ಕ್ಯಾಲಿಫೋರ್ನಿಯಾಕ್ಕೂ ಬೀಸಿತು.

ಅಲ್ಲಿದ್ದವ ಡರ್ಕ್ ವ್ಯಾನ್ ಅರ್ಪ್. 1862ರಾಗ ನೆದರ್‌ಲ್ಯಾಂಡ್ಸ್‌ನಾಗ ಹುಟ್ಟಿ ಅಮೆರಿಕಾಕ್ಕ ಹೋದವ. ಮೇರ್ ಐಲ್ಯಾಂಡ್ ಅನ್ನೋ ನೌಕಾಪಡೆಯ ಹಡಗುಕಟ್ಟೆಯೊಳಗ ಕೆಲಸ. ತೋಪು ಹಾರಿಸಿದ ಮ್ಯಾಲೆ ಉಳಿದ ಹಿತ್ತಾಳಿ ಕೊಳವಿ ಬಡದು ಬಡದು ಹೂದಾನಿ ಮಾಡ್ತಿದ್ದ. 1908ರಾಗ ಓಕ್‌ಲ್ಯಾಂಡಿನಾಗ ತಾಮ್ರದ ಅಂಗಡಿ ಹಾಕಿದ, 1910ರಾಗ ಸ್ಯಾನ್ ಫ್ರಾನ್ಸಿಸ್ಕೋಕ್ಕ ಬಂದ.

ಅಲ್ಲಿ ಅವನ ಪಾಲುದಾರಳಾದಾಕಿ ಎಲೀನರ್ ಡಾರ್ಸಿ ಗಾ. ಶಿಕಾಗೋದಾಗ ಕಲಿತ ವಿನ್ಯಾಸಗಾರ್ತಿ. ಆಕಿ ಚಿತ್ರ ಬರದ್ರ ಅವ ಸುತ್ತಿಗಿ ಹಿಡೀತಿದ್ದ. ಕೆಳಗ ಗುಂಡನೆಯ ತಾಮ್ರದ ಬುಡ, ಮ್ಯಾಲೆ ತಾಮ್ರದ ಪಟ್ಟಿ ನಡುವ ಅಭ್ರಕದ ಹಾಳಿ. ಬಲ್ಬಿನ ಕಣ್ಣು ಕುಕ್ಕೋ ಬೆಳಕು ಅಭ್ರಕ ದಾಟಿ ಬರೋದ್ರಾಗ ಜೇನಿನ ಬಣ್ಣ ಆಗತದ. ಸುತ್ತಿಗಿ ಏಟು, ರಿವೆಟ್ಟು ಯಾವುದನ್ನೂ ಮುಚ್ಚಿಡಲಿಲ್ಲ. ಕೈಯಿಂದ ಮಾಡಿದ್ದು ಅಂತ ಕಾಣಲಿ ಅಂತನ ಬಿಟ್ರು.

ದೀಪದ ತಳಕ್ಕ ಒಂದು ಠಸ್ಸೆ: ಗಾಳಿಯಂತ್ರದ ಚಿತ್ರ, ಅದರ ಕೆಳಗ ಇಬ್ಬರ ಹೆಸರು. ಒಂದು ವರ್ಷದಷ್ಟರಾಗ, 1911ರಾಗ, ಪಾಲುದಾರಿಕಿ ಮುಗೀತು. ಆಮ್ಯಾಲೆ ಠಸ್ಸೆಯೊಳಗಿನ ಆಕಿ ಹೆಸರು ಕತ್ತರಿಸಿ ತೆಗೆದ್ರು. ಹೆಸರು ಹೋತು, ಅಭ್ರಕದ ದೀಪ ಮಾತ್ರ ಮುಂದೂ ಆ ಅಂಗಡಿಯಿಂದ ಬರ್ತಾನ ಇದ್ದವು. ಮೊದಲನೇ ಮಹಾಯುದ್ಧದಾಗ ಡರ್ಕ್ ಮತ್ತ ಹಡಗುಕಟ್ಟೆ ಕೆಲಸಕ್ಕ ಹೋದಾಗ ಅಂಗಡಿ ನಡೆಸಿದವರೊಳಗ ಮಗಳು ಅಗಾಥಾನೂ ಇದ್ದಳು.

ನನಗ ಇದರಾಗ ಹಿಡಿಸಿದ್ದು ಮುಂದಿನ ಮಾತು. ಅಳಿಸಿದ ಆ ಹೆಸರನ್ನ ಇವತ್ತು ಸಂಗ್ರಹ ಮಾಡೋರು ಹುಡುಕಿಕೊಂಡು ಹೋಗತಾರ. ಇಬ್ಬರ ಹೆಸರಿರೋ ದೀಪ ಸಿಗೋದು ಅಪರೂಪ, ಅದಕ್ಕ ಬೆಲಿನೂ ಜಾಸ್ತಿ.

ಅಲ್ಲಿರೋ ನಮ್ಮ ಹುಡಿಗ್ಯಾರು ಯಾವಾಗರ ಹಳೇ ಸಾಮಾನಿನ ಅಂಗಡಿಗೆ ಹೋದ್ರ, ತಾಮ್ರದ ದೀಪ ಮೆಲ್ಲಕ ಹೊರಳಿಸಿ ತಳ ನೋಡ್ರಿ. ಡಾರ್ಸಿ ಗಾ ಅಂತ ಇದ್ರ ನನಗೊಂದು ಫೋಟೋ ಕಳಸ್ರಿ.