ಜಾಟೊಪೆಕ್ ದಂಪತಿ

ಚೆಕೊಸ್ಲೊವಾಕಿಯಾದ ದೂರದ ಓಟಗಾರ ಎಮಿಲ್ ಜಾಟೊಪೆಕ್ (1922–2000) ಮತ್ತು ಜಾವೆಲಿನ್ ಎಸೆತಗಾರ್ತಿ ಡಾನಾ ಜಾಟೊಪ್ಕೊವಾ (1922–2020). ಒಂದೇ ರಾಷ್ಟ್ರೀಯ ತಂಡದಲ್ಲಿದ್ದು ಪ್ರೀತಿಸಿ ಮದುವೆಯಾದ ಕ್ರೀಡಾಪಟುಗಳಲ್ಲಿ ಜಗತ್ತಿನಾದ್ಯಂತ ಹೆಸರಾದವರು. 1952ರ ಜುಲೈ 24ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಒಂದೇ ಮಧ್ಯಾಹ್ನ ಚಿನ್ನದ ಪದಕ ಗೆದ್ದರು. ಆ ಕಾಲದ ಒಲಿಂಪಿಕ್ ನಿಯಮದಂತೆ ಇವರು ಹವ್ಯಾಸಿಗಳು. ಆದರೆ ಎಮಿಲ್ ಸೇನಾಧಿಕಾರಿಯಾಗಿದ್ದು, ಓಟವೇ ಬಹುಮಟ್ಟಿಗೆ ಈತನ ಉದ್ಯೋಗವಾಗಿತ್ತು. ಆ ಅರ್ಥದಲ್ಲಿ ಇವರದು ಸಹೋದ್ಯೋಗಿಗಳ ದಾಂಪತ್ಯ.

ಹಿನ್ನೆಲೆ

ಇಬ್ಬರೂ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು. ಎಮಿಲ್ ಮೊರಾವಿಯಾದ ಕೊಪ್ರಿವ್ನಿತ್ಸೆ ಊರಿನವನು. ಹದಿಹರೆಯದಲ್ಲೇ ಜ್ಲೀನ್ ನಗರಕ್ಕೆ ಹೋಗಿ, ಭಾರತದಲ್ಲೂ ಮನೆಮಾತಾಗಿರುವ ಬಾಟಾ ಪಾದರಕ್ಷೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. 1941ರಲ್ಲಿ ಕಾರ್ಖಾನೆಯವರು ಒತ್ತಾಯದಿಂದ ಓಡಿಸಿದ ಒಂದು ಸ್ಪರ್ಧೆಯಲ್ಲಿ ಎರಡನೆಯವನಾಗಿ ಬಂದ. ಓಟದ ಗೀಳು ಹತ್ತಿದ್ದು ಅಲ್ಲಿಂದ. ಡಾನಾಳ ತವರಿನ ಹೆಸರು ಇಂಗ್ರೊವಾ. ಈಕೆ ಮೊದಲು ಹ್ಯಾಂಡ್‌ಬಾಲ್ ಆಟಗಾರ್ತಿ. ಜಾವೆಲಿನ್ ಹಿಡಿದದ್ದು ಆಮೇಲೆ.

ಪರಿಚಯ ಮತ್ತು ಮದುವೆ

ಇವರ ಪರಿಚಯ ಗಟ್ಟಿಯಾದದ್ದು 1948ರಲ್ಲಿ, ಲಂಡನ್ ಒಲಿಂಪಿಕ್ಸ್‌ಗೆ ಮುಂಚಿನ ಕೂಟಗಳಲ್ಲಿ. ಇಬ್ಬರ ಹುಟ್ಟಿದ ದಿನ ಒಂದೇ ಎಂದು ತಿಳಿದಾಗ, ಹಾಗಾದರೆ ಮದುವೆಯ ದಿನವೂ ಒಂದೇ ಆಗಬಹುದಲ್ಲ ಎಂದು ಎಮಿಲ್ ಕೇಳಿದನೆಂದು ಇಬ್ಬರೂ ಮುಂದೆ ಹೇಳಿಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಈತ 10,000 ಮೀಟರ್ ಓಟದಲ್ಲಿ ಚಿನ್ನ, 5,000 ಮೀಟರ್‌ನಲ್ಲಿ ಬೆಳ್ಳಿ ಗೆದ್ದ, ಡಾನಾ ಜಾವೆಲಿನ್‌ನಲ್ಲಿ ಏಳನೆಯವಳಾದಳು. ಮಹಿಳೆಯರ ಬಿಡಾರ ಬೇರೆ ಕಡೆ ಇತ್ತು. ಪದಕ ತೋರಿಸಲು ಅಲ್ಲಿಗೆ ಹೋದ ಎಮಿಲ್ ಅದು ಈಜುಕೊಳಕ್ಕೆ ಬಿದ್ದಾಗ ನೀರಿಗಿಳಿದು ತೆಗೆದನೆಂಬ ಕಥೆ ಪ್ರಸಿದ್ಧ. ಮದುವೆಯ ಉಂಗುರಗಳನ್ನು ಆ ಊರಿನಲ್ಲೇ ಕೊಂಡನೆಂದೂ ಹೇಳುತ್ತಾರೆ. 1948ರ ಅಕ್ಟೋಬರ್ 24ರಂದು ಉಹೆರ್ಸ್ಕೆ ಹ್ರಾದಿಷ್ಟೆ ಪಟ್ಟಣದಲ್ಲಿ ಮದುವೆ ನಡೆಯಿತು.

ತರಬೇತಿಯ ಕ್ರಮ

ಎಮಿಲ್‌ನ ಹೆಸರು ಓಟದ ಚರಿತ್ರೆಯಲ್ಲಿ ಉಳಿದಿರುವುದು ಪದಕಗಳಷ್ಟೇ ಆತನ ತರಬೇತಿಯ ಕ್ರಮದಿಂದಲೂ. ಒಂದು ಸುತ್ತು, ಅಂದರೆ 400 ಮೀಟರ್, ವೇಗವಾಗಿ ಓಡುವುದು. ಆಮೇಲೆ ನಿಲ್ಲದೆ ಸುಮಾರು 200 ಮೀಟರ್ ನಿಧಾನವಾಗಿ ಓಡಿ ಉಸಿರು ತಿರುಗಿಸಿಕೊಳ್ಳುವುದು. ಮತ್ತೆ ವೇಗದ ಸುತ್ತು. ಇದಕ್ಕೆ ಇಂಟರ್ವಲ್ ತರಬೇತಿ ಎಂದು ಹೆಸರು. ಇದು ಎಮಿಲ್‌ನ ಸ್ವಂತ ಆವಿಷ್ಕಾರವೆಂದು ಬರೆಯುವುದು ಸರಿಯಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಜರ್ಮನಿಯ ವೊಲ್ಡೆಮಾರ್ ಗೆರ್ಷ್ಲರ್ ತನ್ನ ಶಿಷ್ಯ ರುಡಾಲ್ಫ್ ಹಾರ್ಬಿಗ್‌ಗೆ ಇಂಥ ಅಭ್ಯಾಸ ಮಾಡಿಸಿದ್ದ. ಎಮಿಲ್ ಮಾಡಿದ್ದು ಪ್ರಮಾಣದ ಬದಲಾವಣೆ. ಮೊದಲು ದಿನಕ್ಕೆ 20 ಸುತ್ತು, ಆಮೇಲೆ 40, 1950ರ ದಶಕದ ನಡುವೆ ಕೆಲವು ದಿನ 100 ಸುತ್ತು. ನೂರು ಸುತ್ತೆಂದರೆ ವೇಗದ ಓಟವೇ 40 ಕಿಲೋಮೀಟರ್. ನಡುವಿನ ನಿಧಾನದ ಓಟ ಸೇರಿದರೆ ದಿನಕ್ಕೊಂದು ಮ್ಯಾರಥಾನನ್ನು ಮೀರುತ್ತಿತ್ತು. ನಿಧಾನವಾಗಿ ಓಡುವುದು ಗೊತ್ತೇ ಇದೆ, ವೇಗ ಕಲಿಯಬೇಕು ಎಂಬುದು ಆತನ ವಾದದ ಸಾರ. ಮಂಜಿನಲ್ಲಿ, ಕತ್ತಲಲ್ಲಿ, ಸೇನೆಯ ಬೂಟು ತೊಟ್ಟೂ ಓಡುತ್ತಿದ್ದ.

ಈ ಕ್ರಮ ಮನೆಯೊಳಕ್ಕೂ ಬಂದಿತ್ತು. ಬಟ್ಟೆ ಒಗೆಯುವ ದಿನ ಸ್ನಾನದ ತೊಟ್ಟಿಯಲ್ಲಿ ಬಟ್ಟೆ, ಸಾಬೂನು, ನೀರು ಹಾಕಿ, ಒಳಗೆ ನಿಂತು ಅದರ ಮೇಲೇ ಓಡುತ್ತಿದ್ದನಂತೆ. ಓಟವೂ ಆಯಿತು, ಒಗೆತವೂ ಆಯಿತು. 1956ರಲ್ಲಿ ಡಾನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುವ ಅಭ್ಯಾಸದಿಂದ ಹರ್ನಿಯಾ ಆಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಆರನೆಯವನಾದ.

ಹೆಲ್ಸಿಂಕಿ, 1952

ತಂಡ ಹೊರಡುವ ಮುನ್ನವೇ ಬಿಕ್ಕಟ್ಟು ಎದುರಾಗಿತ್ತು. ತಂದೆ ರಾಜಕೀಯ ಕೈದಿಯೆಂಬ ಕಾರಣಕ್ಕೆ ಓಟಗಾರ ಸ್ಟಾನಿಸ್ಲಾವ್ ಯುಂಗ್‌ವಿರ್ಟ್‌ನನ್ನು ಕೈಬಿಟ್ಟಾಗ, ಅವನಿಲ್ಲದೆ ತಾನೂ ಹೋಗುವುದಿಲ್ಲವೆಂದು ಎಮಿಲ್ ಹಟಹಿಡಿದ. ಕೊನೆಗೆ ಇಬ್ಬರನ್ನೂ ಕಳುಹಿಸಲಾಯಿತು.

ಜುಲೈ 20ರಂದು ಈತ 10,000 ಮೀಟರ್ ಗೆದ್ದ. 24ರಂದು 5,000 ಮೀಟರ್ ಅಂತಿಮ ಓಟದ ಕೊನೆಯ ಸುತ್ತಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಜಾರಿದ್ದವನು ಕಡೆಯ ತಿರುವಿನಲ್ಲಿ ಮೂವರನ್ನೂ ಹಿಂದಿಕ್ಕಿ 14 ನಿಮಿಷ 6.6 ಸೆಕೆಂಡಿನಲ್ಲಿ ಗುರಿ ಮುಟ್ಟಿದ. ಡಾನಾ ಪದಕ ಇಸಿದುಕೊಂಡು, ಶುಭವಾಗಲೆಂದು ಚೀಲದಲ್ಲಿಟ್ಟುಕೊಂಡು ಅಂಕಣಕ್ಕಿಳಿದಳು. ಮೊದಲ ಎಸೆತವೇ 50.47 ಮೀಟರ್, ಹೊಸ ಒಲಿಂಪಿಕ್ ದಾಖಲೆ. ಸೋವಿಯತ್ ಒಕ್ಕೂಟದ ಅಲೆಕ್ಸಾಂದ್ರಾ ಚುಡಿನಾ 50.01 ಮೀಟರ್ ಎಸೆದು ಎರಡನೆಯವಳಾದಳು. ಹೆಂಡತಿಗೆ ಸ್ಫೂರ್ತಿ ತನ್ನ ಗೆಲುವೇ ಎಂದು ಎಮಿಲ್ ಅಂದಾಗ, ಹಾಗಿದ್ದರೆ ಬೇರೆ ಯಾವಳಿಗಾದರೂ ಸ್ಫೂರ್ತಿ ಕೊಟ್ಟು ಐವತ್ತು ಮೀಟರ್ ಎಸೆಯಿಸು ನೋಡೋಣ ಎಂಬರ್ಥದಲ್ಲಿ ಡಾನಾ ಉತ್ತರಿಸಿದ್ದು ಪ್ರಸಿದ್ಧವಾಗಿದೆ. ಮೂರು ದಿನಗಳ ನಂತರ, ಹಿಂದೆಂದೂ ಓಡಿರದ ಮ್ಯಾರಥಾನನ್ನೂ ಎಮಿಲ್ ಗೆದ್ದ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಬೇರೊಬ್ಬರಿಲ್ಲ.

ಡಾನಾಳ ಮುಂದಿನ ಸಾಧನೆ

ಹೆಲ್ಸಿಂಕಿಯ ಕಥೆಯಲ್ಲಿ ಡಾನಾಳನ್ನು ಎಮಿಲ್‌ನ ಹೆಂಡತಿ ಎಂದಷ್ಟೇ ಕಾಣುವ ರೂಢಿ ಆಕೆಗೆ ನ್ಯಾಯ ಮಾಡುವುದಿಲ್ಲ. 1954 ಮತ್ತು 1958ರಲ್ಲಿ ಈಕೆ ಯುರೋಪಿಯನ್ ಚಾಂಪಿಯನ್. 1958ರ ಜೂನ್‌ನಲ್ಲಿ, 35ನೆಯ ವಯಸ್ಸಿನಲ್ಲಿ, 55.73 ಮೀಟರ್ ಎಸೆದು ವಿಶ್ವದಾಖಲೆ ಮಾಡಿದಳು. ಎಮಿಲ್ ಸ್ಪರ್ಧೆಗಳಿಂದ ನಿವೃತ್ತನಾದ ಬಳಿಕ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಳು.

ಮತ್ತೊಂದು ಜೋಡಿ

ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾದ ಡಿಸ್ಕಸ್ ಎಸೆತಗಾರ್ತಿ ಓಲ್ಗಾ ಫಿಕೊಟೊವಾ ಮತ್ತು ಅಮೆರಿಕದ ಹ್ಯಾಮರ್ ಎಸೆತಗಾರ ಹೆರಾಲ್ಡ್ ಕೊನೊಲಿ ಚಿನ್ನ ಗೆದ್ದು ಪರಸ್ಪರ ಒಲಿದರು. ಶೀತಲ ಸಮರದ ದಿನಗಳಲ್ಲಿ ಈ ಮದುವೆಗೆ ಅನುಮತಿ ಸುಲಭವಿರಲಿಲ್ಲ. 1957ರಲ್ಲಿ ಪ್ರಾಗ್‌ನಲ್ಲಿ ಅದು ನಡೆದಾಗ ಸಾಕ್ಷಿಗಳಾಗಿ ನಿಂತವರು ಜಾಟೊಪೆಕ್ ದಂಪತಿ.

ಕಷ್ಟದ ವರ್ಷಗಳು

1968ರಲ್ಲಿ ಎಮಿಲ್ ದೇಶದ ರಾಜಕೀಯ ಸುಧಾರಣೆಯ ಪರ ನಿಂತು ‘ಎರಡು ಸಾವಿರ ಪದಗಳು’ ಎಂಬ ಪ್ರಣಾಳಿಕೆಗೆ ಸಹಿ ಹಾಕಿದ. ಸೋವಿಯತ್ ಸೇನೆ ದೇಶಕ್ಕೆ ನುಗ್ಗಿದ ಬಳಿಕ ಆಳುವ ಕಮ್ಯುನಿಸ್ಟ್ ಪಕ್ಷವೂ ಸೇನೆಯೂ ಈತನನ್ನು ಹೊರಹಾಕಿದವು. ಹಲವು ವರ್ಷ ಭೂಗರ್ಭ ಶೋಧನೆಯ ತಂಡಗಳಲ್ಲಿ ಕೂಲಿಯಂತೆ ದುಡಿದು, ವಾರಗಟ್ಟಲೆ ಮನೆಯಿಂದ ದೂರವಿರಬೇಕಾಯಿತು. ಪ್ರಾಗ್‌ನ ಟ್ರೋಯಾದಲ್ಲಿ ದಂಪತಿ ಕಟ್ಟಿಕೊಂಡಿದ್ದ ಮನೆಯಲ್ಲಿ ಡಾನಾ ಉಳಿದಳು. ಎಮಿಲ್‌ನ ಗೌರವ ಅಧಿಕೃತವಾಗಿ ಮರಳಿದ್ದು 1990ರಲ್ಲಿ.

ಈ ಮನೆಗೆ ಬಂದ ಒಲಿಂಪಿಕ್ ಪದಕಗಳು ಏಳು: ಐದು ಚಿನ್ನ, ಎರಡು ಬೆಳ್ಳಿ. ಅವುಗಳಲ್ಲಿ 1952ರ 10,000 ಮೀಟರ್ ಓಟದ ಚಿನ್ನವನ್ನು, ದಾಖಲೆಗಳ ಮೇಲೆ ದಾಖಲೆ ಮಾಡಿಯೂ ಒಲಿಂಪಿಕ್ ಚಿನ್ನ ಸಿಗದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್‌ಗೆ 1966ರಲ್ಲಿ ಎಮಿಲ್ ಕೊಟ್ಟುಬಿಟ್ಟ. ಎಮಿಲ್ 2000ದ ನವೆಂಬರ್‌ನಲ್ಲಿ, ಡಾನಾ 2020ರ ಮಾರ್ಚ್ 13ರಂದು ನಿಧನರಾದರು. ಇವರ ದಾಂಪತ್ಯ 52 ವರ್ಷ ನಡೆಯಿತು.