ಯಕ್ಷಗಾನದಲ್ಲಿ ಸುಗಮ್ಯತೆ

ಯಕ್ಷಗಾನದಲ್ಲಿ ಸುಗಮ್ಯತೆ ಎಂದರೆ ಅಂಗವಿಕಲರು ಹಾಗೂ ಆಟಿಸಂ ಮೊದಲಾದ ನರವೈವಿಧ್ಯವುಳ್ಳವರು ಯಕ್ಷಗಾನವನ್ನು ಇತರರಂತೆಯೇ ನೋಡಲು, ಕೇಳಲು, ಕಲಿಯಲು ಮತ್ತು ರಂಗವನ್ನೇರಲು ಸಾಧ್ಯವಾಗುವಂತೆ ಮೇಳಗಳು, ಸಂಘಟಕರು ಹಾಗೂ ಕಲಿಕಾ ಕೇಂದ್ರಗಳು ಕಲ್ಪಿಸುವ ಅನುಕೂಲತೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳು ತೆಂಕುತಿಟ್ಟಿನ ಪ್ರಮುಖ ನೆಲೆಗಳಾದುದರಿಂದ ಈ ಲೇಖನವು ಮುಖ್ಯವಾಗಿ ಆ ಪ್ರದೇಶವನ್ನು ಕುರಿತದ್ದಾಗಿದೆ.

ಹಿನ್ನೆಲೆ

ಹರಕೆಯ ಬಯಲಾಟಕ್ಕೆ ಬಾಗಿಲೂ ಇಲ್ಲ, ಟಿಕೆಟೂ ಇಲ್ಲ. ಕೊಯ್ಲಾದ ಗದ್ದೆ, ದೇವಸ್ಥಾನದ ಅಂಗಳ ಅಥವಾ ಶಾಲೆಯ ಮೈದಾನದಲ್ಲಿ ರಂಗಸ್ಥಳ ಏಳುತ್ತದೆ. ಆದುದರಿಂದ ಇದು ಎಲ್ಲರಿಗೂ ತೆರೆದಿರುವ ಕಲೆಯೆಂಬ ಭಾವನೆ ಸಹಜವಾಗಿದೆ. ಆದರೆ ಅದು ಅರ್ಧ ಮಾತ್ರ ಸರಿ. ಗದ್ದೆಯ ಬದುವನ್ನು ಗಾಲಿಕುರ್ಚಿ ದಾಟಲಾರದು. ಒತ್ತಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಅದಕ್ಕೆ ಎಡೆಯಿರದು. ಬಳಸಬಹುದಾದ ಶೌಚಾಲಯ ಇಲ್ಲದಿದ್ದರೆ ರಾತ್ರಿಯ ಆಟಕ್ಕೆ ಬರುವ ಯೋಚನೆಯನ್ನೇ ಕುಟುಂಬಗಳು ಕೈಬಿಡುತ್ತವೆ.

ಈ ಸೀಮೆಯಲ್ಲಿ ವಿಷಯಕ್ಕೆ ಮತ್ತೊಂದು ಗಂಭೀರ ಮುಖವಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸುತ್ತಮುತ್ತಲಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. ಸಂತ್ರಸ್ತರಿಗಾಗಿ ಕೊಕ್ಕಡದಲ್ಲಿ ಪಾಲನಾ ಕೇಂದ್ರವಿದೆ. ಆಟದ ಚೆಂಡೆ ಕೇಳಿಸುವಷ್ಟು ಹತ್ತಿರದಲ್ಲಿಯೇ ಮನೆಯಿಂದ ಹೊರಬರಲಾಗದ ಮಕ್ಕಳೂ ಯುವಕರೂ ಇದ್ದಾರೆ ಎಂಬುದನ್ನು ಸಂಘಟಕರು ಮರೆಯುವಂತಿಲ್ಲ.

ಪ್ರೇಕ್ಷಕರು

ಎಲ್ಲರ ಅಗತ್ಯವೂ ಒಂದೇ ಅಲ್ಲ. ಅಂಧರಿಗೆ ತಾಳಮದ್ದಳೆ ಯಾವ ಬದಲಾವಣೆಯೂ ಇಲ್ಲದೆ ಪೂರ್ಣವಾಗಿ ದಕ್ಕುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಬಯಲಾಟದಲ್ಲಿ ಹಾಗಲ್ಲ: ಬಣ್ಣದ ವೇಷದ ಚುಟ್ಟಿ, ತೆರೆಯ ಹಿಂದಿನ ಒಡ್ಡೋಲಗ ಇವು ಕಣ್ಣಿಗೇ ಮೀಸಲು. ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ವಿವರಿಸುವವರೊಬ್ಬರಿದ್ದರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಆಟಕ್ಕೆ ಮೊದಲು ಚೌಕಿಗೆ ಕರೆದೊಯ್ದು ಕಿರೀಟ, ಭುಜಕೀರ್ತಿಗಳನ್ನು ಮುಟ್ಟಿ ನೋಡಲು ಬಿಡುವುದು ಇನ್ನೂ ಉತ್ತಮ. ಚೌಕಿಗೆ ಅದರದೇ ಆದ ಪೂಜೆ, ಮಡಿಗಳಿರುವುದರಿಂದ ಮೇಳದವರ ಒಪ್ಪಿಗೆ ಅವಶ್ಯ.

ಕಿವುಡರ ಸ್ಥಿತಿ ಇದಕ್ಕೆ ವಿರುದ್ಧ. ಕುಣಿತ ಕಾಣುತ್ತದೆ, ಅರ್ಥ ತಪ್ಪಿಹೋಗುತ್ತದೆ. ಪ್ರಸಂಗದ ಪದ್ಯಗಳು ಮುದ್ರಿತವಾಗಿರುವುದರಿಂದ ಅವನ್ನು ಪರದೆಯ ಮೇಲೆ ತೋರಿಸಬಹುದು. ಅರ್ಥಗಾರಿಕೆ ಮಾತ್ರ ಆಶುವಾದುದು; ಅದನ್ನು ಮೊದಲೇ ಬರೆದಿಡಲಾಗದು. ಪುರಾಣದ ಹೆಸರುಗಳನ್ನೂ ಕಥೆಯನ್ನೂ ಬಲ್ಲ ಸಂಜ್ಞಾಭಾಷಾ ದುಭಾಷಿಯೇ ಅದಕ್ಕೆ ದಾರಿ. ಸರಳ ಕನ್ನಡದ ಒಂದು ಪುಟದ ಕಥಾಸಾರವು ಕಿವುಡರಿಗಷ್ಟೇ ಅಲ್ಲ, ಬೌದ್ಧಿಕ ಅಂಗವೈಕಲ್ಯವುಳ್ಳವರಿಗೂ ನೆರವಾಗುತ್ತದೆ.

ಆಟಿಸಂ ಉಳ್ಳವರಲ್ಲಿ ಅನೇಕರಿಗೆ ಚೆಂಡೆಯ ಅಬ್ಬರ ಮತ್ತು ಧ್ವನಿವರ್ಧಕ ಅಸಹನೀಯ. ಧ್ವನಿವರ್ಧಕದಿಂದ ದೂರದ ಆಸನ, ಸದ್ದು ತಗ್ಗಿಸುವ ಕಿವಿಗವಚ ಮತ್ತು ಎದ್ದುಹೋಗಿ ಕುಳಿತಿರಲು ಶಾಂತವಾದ ಒಂದು ಸ್ಥಳ ಇದ್ದರೆ ಅನುಕೂಲ. ಗಮನಾರ್ಹವೆಂದರೆ, ಈ ವಿಷಯದಲ್ಲಿ ಬಯಲಾಟವು ಸಭಾಂಗಣದ ನಾಟಕಕ್ಕಿಂತ ಮುಂದಿದೆ. ಪ್ರೇಕ್ಷಕರ ಮೇಲೆ ಕತ್ತಲು ಕವಿಯುವುದಿಲ್ಲ. ನಡುವೆ ಎದ್ದು ಚಹಾ ಕುಡಿದು ಬಂದರೆ ಯಾರೂ ಹುಬ್ಬುಗಂಟಿಕ್ಕುವುದಿಲ್ಲ. ವಿದೇಶದ ರಂಗಮಂದಿರಗಳು ನಿಯಮಗಳನ್ನು ಸಡಿಲಿಸಿ ವಿಶೇಷ ಪ್ರದರ್ಶನವಾಗಿ ಏರ್ಪಡಿಸುವ ಈ ಸ್ವಾತಂತ್ರ್ಯ ಇಲ್ಲಿ ರೂಢಿಯಾಗಿಯೇ ಇದೆ. ಧರ್ಮಸ್ಥಳ ಮೇಳವು ಅಳವಡಿಸಿಕೊಂಡ ಕಾಲಮಿತಿ ಪ್ರದರ್ಶನದಿಂದ, ಇಡೀ ರಾತ್ರಿ ನಿದ್ದೆಗೆಡಲಾಗದ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಸಹಾಯವಾಗಿದೆ. ಕಾಲಮಿತಿಯ ಕುರಿತ ಪರ-ವಿರೋಧ ಚರ್ಚೆಯಲ್ಲಿ ಈ ಅಂಶ ಹೆಚ್ಚಾಗಿ ಪ್ರಸ್ತಾಪವಾಗುವುದಿಲ್ಲ.

ಕಲಾವಿದರು

ಅಂಗವಿಕಲರನ್ನು ಕೇವಲ ಪ್ರೇಕ್ಷಕರೆಂದು ಭಾವಿಸುವುದು ಸಾಮಾನ್ಯ ದೋಷ. ಕರ್ನಾಟಕದಲ್ಲಿ ಇದಕ್ಕೆ ಭಿನ್ನವಾದ ಪರಂಪರೆಯೊಂದು ಮೊದಲಿನಿಂದ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಅಂಧ ಮಕ್ಕಳಿಗೆ ಊಟ, ವಸತಿಯೊಂದಿಗೆ ಸಂಗೀತ ಕಲಿಸಿದ ಆ ಆಶ್ರಮವು ನಾಟಕ ಕಂಪನಿಯನ್ನೂ ನಡೆಸಿತು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಲಭಿಸಿತು.

ಯಕ್ಷಗಾನದ ಹಿಮ್ಮೇಳವೂ ಮುಖ್ಯವಾಗಿ ಕಿವಿಯಿಂದ ಕಲಿಯುವ ವಿದ್ಯೆ. ಭಾಗವತಿಕೆ, ಮದ್ದಳೆಗಳಿಗೆ ದೃಷ್ಟಿಯ ಕೊರತೆ ದೊಡ್ಡ ತೊಡಕಲ್ಲ. ಬಯಲಾಟದಲ್ಲಿ ವೇಷಧಾರಿಯ ಹೆಜ್ಜೆಯನ್ನು ನೋಡಿ ನುಡಿಸಬೇಕಾಗುವುದರಿಂದ, ತಾಳಮದ್ದಳೆಯಿಂದ ಆರಂಭಿಸುವುದು ಸೂಕ್ತ. ಕುಳಿತೇ ಅರ್ಥ ಹೇಳುವ ಆ ಕೂಟಕ್ಕೆ ಗಾಲಿಕುರ್ಚಿಯೂ ಅಡ್ಡಿಯಲ್ಲ, ವೇದಿಕೆಗೆ ಇಳಿಜಾರು ದಾರಿಯೊಂದಿದ್ದರೆ ಸಾಕು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ವಿಶೇಷ ಮಕ್ಕಳ ಶಾಲೆಯನ್ನೂ ಯಕ್ಷಗಾನ ಅಧ್ಯಯನ ಕೇಂದ್ರವನ್ನೂ ಹೊಂದಿದೆ.

ಕಾನೂನು

ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯು ಸಾಂಸ್ಕೃತಿಕ ಜೀವನದಲ್ಲಿ ಭಾಗವಹಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೊಳಗೊಂಡು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಅದರ 29ನೇ ಪ್ರಕರಣವು ಅಂಗವಿಕಲ ಕಲಾವಿದರಿಗೆ ಪ್ರೋತ್ಸಾಹ, ಕಲೆಯ ಸುಗಮ್ಯತೆ ಮತ್ತು ಕಲಾ ಪಠ್ಯಕ್ರಮಗಳ ಮರುರಚನೆಯನ್ನು ಸರ್ಕಾರದ ಹೊಣೆಯಾಗಿಸಿದೆ. ಸುಗಮ್ಯತೆಯ ಮಾನದಂಡಗಳು ಕೇವಲ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು.

ಕಟ್ಟಡಗಳ ಮಾನದಂಡಗಳನ್ನು ಒಂದು ರಾತ್ರಿಯ ರಂಗಸ್ಥಳಕ್ಕೆ ಹಾಗೆಯೇ ಅನ್ವಯಿಸುವುದು ಕಷ್ಟ. ಅಲ್ಲಿ ಹೊಣೆ ಆಟ ಆಡಿಸುವವರದು. ವಾಹನ ಎಲ್ಲಿಯವರೆಗೆ ಬರುತ್ತದೆ, ಶೌಚಾಲಯ ಎಲ್ಲಿದೆ, ಆಟ ಎಷ್ಟು ಗಂಟೆಗೆ ಮುಗಿಯುತ್ತದೆ, ನೆರವಿಗೆ ಯಾರನ್ನು ಕೇಳಬೇಕು ಎಂಬ ವಿವರಗಳನ್ನು ಆಮಂತ್ರಣ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಬಹುದು. ಇದಕ್ಕೆ ಪ್ರತ್ಯೇಕ ಖರ್ಚು ತಗಲುವುದಿಲ್ಲ.